ಕೆಂಪು ಬೈಕಿನ ಹಿಂದಿನ ಸೀಟು

ಕೋವಿಡ್ ಹಾವಳಿ ಮುಗಿದ ಮರುವರ್ಷ ನಾನು ಕೋಲಾರದ ಒಂದು ಬೈಕ್ ಷೋರೂಮಿನಲ್ಲಿ ಸೇಲ್ಸ್ ಮ್ಯಾನೇಜರ್ ಆಗಿದ್ದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಗಿರಾಕಿಗಳೂ ನಮ್ಮಲ್ಲಿಗೇ ಬರುತ್ತಿದ್ದರು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಅದರಲ್ಲೂ ಮೊಬೈಲಿನಲ್ಲಿ ನಾಲ್ಕು ವಿಡಿಯೊ ನೋಡಿ ಬಂದು ನನಗೇ ಪಾಠ ಹೇಳುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಹೋಳೂರಿನ ಮಂಜುನಾಥ ಅಂಥವನೇ.

ಅವನು ಮಾಲೂರಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಹೆಂಡತಿ ಭಾಗ್ಯಳನ್ನು ಅವಳು ಪಾಠ ಮಾಡುವ ಕೋಲಾರದ ಶಾಲೆಗೆ ಬಿಟ್ಟು ಮುಂದೆ ಮಾಲೂರಿಗೆ ಹೋಗಬೇಕು. ರಜೆಯ ದಿನ ಅವಳ ತವರು ಮುಳಬಾಗಿಲಿಗೆ ಹೆದ್ದಾರಿ ಸವಾರಿ. ಇಂಥವರಿಗೆ ಹೇಳಿ ಮಾಡಿಸಿದ್ದು ಮಧ್ಯಮ ಗಾತ್ರದ ಸ್ಪೋರ್ಟ್ ಟೂರಿಂಗ್ ಬೈಕು. ಅಂದರೆ ರೇಸ್ ಬೈಕಿನ ಚುರುಕೂ ಇರಬೇಕು, ದೂರದ ದಾರಿಯಲ್ಲಿ ಬೆನ್ನು, ಮಣಿಕಟ್ಟು ನೋಯಲೂ ಬಾರದು. ಎಂಜಿನ್ ತೀರಾ ದೊಡ್ಡದಾದರೆ ಪೇಟೆಯ ಟ್ರಾಫಿಕ್ಕಿನಲ್ಲಿ ತೊಡೆ ಬೇಯುತ್ತದೆ. ಚಿಕ್ಕದಾದರೆ ಹೆದ್ದಾರಿಯಲ್ಲಿ ಲಾರಿ ದಾಟುವಾಗ ಏದುಸಿರು ಬಿಡುತ್ತದೆ.

ನಮ್ಮಲ್ಲಿ ಆ ಜಾತಿಯ ಎರಡು ಬೈಕುಗಳಿದ್ದವು. ಕೆಂಪು ಬಣ್ಣದ್ದಕ್ಕೆ ತಗ್ಗಿದ ಹ್ಯಾಂಡಲ್, ಹಿಂದೆ ಅಂಗೈಯಗಲದ, ಬಾಲ ಎತ್ತಿದ ಸೀಟು. ಬೂದು ಬಣ್ಣದ್ದಕ್ಕೆ ಎತ್ತರದ ಹ್ಯಾಂಡಲ್, ದೊಡ್ಡ ವಿಂಡ್‌ಸ್ಕ್ರೀನ್, ಹಿಂದೆ ಕೂತವರಿಗೆ ಅಗಲವಾದ ಸೀಟು. ಮಂಜುನಾಥನ ಕಣ್ಣು ಕೆಂಪಿನ ಮೇಲೆಯೇ ನೆಟ್ಟಿತ್ತು. "ಆ ಬೂದು ಗಾಡಿ ವಯಸ್ಸಾದೋರಿಗೆ ಸಾರ್" ಎಂದ. ನನಗೆ ಆಗಲೇ ಐವತ್ತೆಂಟು.

ಶುಕ್ರವಾರ ಒಳ್ಳೆಯ ದಿನವೆಂದು ಗಂಡ ಹೆಂಡತಿ ಬಂದರು. ಬುಕಿಂಗ್ ಆಗೇ ಆಗುತ್ತದೆ ಎಂದುಕೊಂಡು ಭಾಗ್ಯ ರೇಷ್ಮೆ ಸೀರೆ ಉಟ್ಟಿದ್ದಳು. ಅವರ ಮನೆಯಲ್ಲಿ ಸೊಸೆ ಬೈಕಿನ ಮೇಲೆ ಒಂದೇ ಕಡೆ ಕಾಲು ಹಾಕಿ ಕೂರಬೇಕು, ಅದು ಅತ್ತೆಯ ಕಟ್ಟಪ್ಪಣೆ. ಇಬ್ಬರಿಗೂ ಹೆಲ್ಮೆಟ್ ಹಾಕಿಸಿದೆ. ದೇವರಾಯಸಮುದ್ರದ ಕ್ರಾಸಿನವರೆಗೆ ಅವರು ಕೆಂಪು ಬೈಕಿನಲ್ಲಿ ಹೋಗುವುದು, ಹಿಂದೆ ನಾನು ಬೂದು ಬೈಕಿನಲ್ಲಿ ಬರುವುದು, ಅಲ್ಲಿ ಬದಲಾಯಿಸಿಕೊಳ್ಳುವುದು ಎಂದು ಮಾತಾಯಿತು.

ನಾನು ಬೂದು ಬೈಕು ತರಲು ಒಳಗೆ ಹೋದಾಗ ನನಗೆ ಗೊತ್ತಿಲ್ಲದೆ ಒಂದು ಕೆಲಸ ನಡೆದಿತ್ತು. ಸೆರಗು, ನೆರಿಗೆ ಚಕ್ರಕ್ಕೆ ಸಿಗದಂತೆ ಎಡಗಡೆ ಹಾಕಿರುವ ಕಂಬಿಯ ತಡೆಗೆ ಸೀರೆ ಗಾರ್ಡ್ ಎನ್ನುತ್ತೇವೆ. "ಹಾಲಿನ ಕ್ಯಾನ್ ಗಾಡಿ ತರ ಕಾಣ್ತದೆ, ಬಿಚ್ಚಾಕಿ" ಎಂದು ಮಂಜುನಾಥ ಹೇಳಿದ್ದ. ಬುಕಿಂಗ್ ಕೈತಪ್ಪಬಾರದೆಂದು ನಮ್ಮ ಸೇಲ್ಸ್‌ಮನ್ ಬಿಚ್ಚಿಯೇ ಬಿಟ್ಟಿದ್ದ.

ಹೆದ್ದಾರಿ ಹತ್ತಿದ ಮೇಲೆ ವೇಗ ಎಪ್ಪತ್ತು ದಾಟಿತು. ಭಾಗ್ಯಳ ಬಲಗೈ ಗಂಡನ ಭುಜದ ಮೇಲೆ, ಎಡಗೈ ಸೀಟಿನ ಅಂಚಿನಲ್ಲಿ. ಸೆರಗನ್ನು ಸೊಂಟಕ್ಕೆ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಒಂದು ಟ್ಯಾಂಕರ್ ಭರ್ರೆಂದು ಪಕ್ಕದಲ್ಲೇ ಹೋಯಿತು. ಅದರ ಗಾಳಿಗೆ ಸೆರಗು ಮಡಿಲಿನಿಂದ ಜಾರಿ ಎಡಕ್ಕೆ ಇಳಿಯಿತು. ಆಗ ನೋಡಿದೆ, ಅಲ್ಲಿ ಗಾರ್ಡ್ ಇಲ್ಲ! ತಿರುಗುವ ಚೈನಿಗೂ ಸೆರಗಿಗೂ ನಡುವೆ ಒಂದು ಗೇಣೂ ಇರಲಿಲ್ಲ.

ಹಾರ್ನ್ ಹೊಡೆದರೆ ಅವನು ಬೆಚ್ಚಿ ಬ್ರೇಕ್ ಒತ್ತುತ್ತಾನೆ, ಒಂದೇ ಕಡೆ ಕೂತವಳು ರಸ್ತೆಗೆ ಬೀಳುತ್ತಾಳೆ. ಸುಮ್ಮನಿದ್ದರೆ ಸೆರಗು ಚೈನಿಗೆ ಸಿಕ್ಕಿ ಅವಳನ್ನು ಎಳೆಯುತ್ತದೆ. ಎಡಗಡೆಯಿಂದ ಮುಂದೆ ಹೋದೆ. ಅವಳ ಮುಖ ನನ್ನ ಕಡೆಗೇ ಇತ್ತು. ನನ್ನ ಎದೆ ತಟ್ಟಿಕೊಂಡು, ಮುಷ್ಟಿ ಕಟ್ಟಿ ಮೇಲಕ್ಕೆ ಎಳೆದು ತೋರಿಸಿದೆ. ಅವಳಿಗೆ ಅರ್ಥವಾಯಿತು. ಸೀಟಿನ ಹಿಡಿತ ಬಿಟ್ಟು ಸೆರಗಿಗೆ ಕೈ ಹಾಕಿದಳು. ಅಷ್ಟರಲ್ಲಿ ತುದಿ ಚೈನಿಗೆ ಸಿಕ್ಕಿತು. ಅವಳ ಮೈ ಪೂರ್ತಿ ಕೆಳಕ್ಕೆ ವಾಲಿತು. ಹೋದಳು ಎಂದುಕೊಂಡೆ. ದೇವರು ದೊಡ್ಡವನು, ರೇಷ್ಮೆ ಪರ್ರನೆ ಹರಿಯಿತು. ಮಿಕ್ಕ ಸೆರಗು ಅವಳ ಮುಷ್ಟಿಯಲ್ಲಿ ಉಳಿಯಿತು.

ನಾನು ಮಂಜುನಾಥನ ಕಣ್ಣಿಗೆ ಬೀಳುವಷ್ಟು ಮುಂದೆ ಹೋಗಿ, ನಿಧಾನ ಎಂದು ಅಂಗೈ ಕೆಳಗೆ ಮಾಡಿ ತೋರಿಸಿದೆ. ಅವನು ಮೆಲ್ಲಗೆ ವೇಗ ಇಳಿಸಿ ಟೀ ಅಂಗಡಿಯೊಂದರ ಹತ್ತಿರ ನಿಲ್ಲಿಸಿದ. ಚೈನಿನಲ್ಲಿ ಗ್ರೀಸು ಮೆತ್ತಿದ ರೇಷ್ಮೆಯ ತುಂಡು ಸುತ್ತಿಕೊಂಡಿತ್ತು. ಅದನ್ನು ನೋಡಿದವನೇ ಹೆಂಡತಿಯ ಮೇಲೆ ರೇಗಿದ: "ಸೆರಗು ಗಟ್ಟಿಯಾಗಿ ಹಿಡ್ಕೊಂಡು ಕೂತ್ಕೊಳ್ಳೋಕೆ ಆಗಲ್ವೇನೇ?"

ನನ್ನ ಕೈ ತುರಿಸುತ್ತಿತ್ತು. ಆದರೆ ನನಗಿಂತ ಮೊದಲು ಭಾಗ್ಯ ಮಾತಾಡಿದಳು.

"ಅಣ್ಣಾ, ಚೈನಿಂದ ಬಟ್ಟೆ ಬಿಡಿಸಿ ಗಾಡಿ ನೀವು ತಗೊಳ್ಳಿ. ಇವರನ್ನ ಹಿಂದೆ ನನ್ನ ತರಾನೇ ಒಂದೇ ಕಡೆ ಕಾಲು ಹಾಕಿ ಕೂರಿಸ್ಕೊಂಡು ಒಂದು ರೌಂಡ್ ಹೋಗಿಬನ್ನಿ. ಆಮೇಲೆ ಯಾವ ಗಾಡಿ ಅಂತ ಹೇಳಲಿ."

"ಏನೇ, ಜನ ನಗ್ತಾರೆ" ಎಂದ ಮಂಜುನಾಥ.

"ನಗಲಿ ಬಿಡಿ. ನಾನೇನಾದ್ರೂ ಬಿದ್ದಿದ್ರೆ ಅಳ್ತಿದ್ರು."

ಬಟ್ಟೆಯ ಚೂರುಗಳನ್ನೆಲ್ಲ ತೆಗೆದು, ಚೈನು ಚಕ್ರ ಎರಡನ್ನೂ ತಿರುಗಿಸಿ ನೋಡಿ, ಅವನನ್ನು ಒಂದೇ ಕಡೆ ಕಾಲು ಹಾಕಿಸಿ ಹಿಂದೆ ಕೂರಿಸಿಕೊಂಡು ಸರ್ವಿಸ್ ರಸ್ತೆಯಲ್ಲಿ ಹೊರಟೆ. ವೇಗ ನಲವತ್ತು ಕೂಡ ಮುಟ್ಟಿರಲಿಲ್ಲ. ಮೊದಲನೇ ರಸ್ತೆ ಉಬ್ಬಿಗೇ ಅವನು ಎರಡೂ ಕೈಯಿಂದ ನನ್ನ ಸೊಂಟ ತಬ್ಬಿ ಹಿಡಿದ. "ಅಯ್ಯೋ ದೇವುಡಾ! ನಿಲ್ಸಿ ಸಾರ್, ಜಾರ್ತಿದೀನಿ!"

ನಿಲ್ಲಿಸಿದೆ. ಇಳಿದ. ಟೀ ಅಂಗಡಿಯವರೆಗೆ ನಡೆದೇ ಬಂದ. ಬಂದವನು ಬೂದು ಬೈಕಿನ ಹ್ಯಾಂಡಲ್ ಮುಟ್ಟಲಿಲ್ಲ. ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿ, "ಇದರ ಮೇಲೆ ಕೂತು ನೋಡು ಭಾಗ್ಯ" ಎಂದ.

ಅವಳು ಕೂತು ನೋಡಿದಳು. "ಇದು ಪರವಾಗಿಲ್ಲ. ಆದ್ರೆ ಇನ್ಮೇಲೆ ನಾನು ಚೂಡಿದಾರ್ ಹಾಕ್ಕೊಂಡು ಎರಡೂ ಕಡೆ ಕಾಲು ಹಾಕೇ ಕೂರೋದು. ನಿಮ್ಮಮ್ಮನಿಗೆ ನೀವೇ ಹೇಳಿ" ಎಂದಳು.

ಬೂದು ಬೈಕೇ ಬುಕ್ ಆಯಿತು. ಷೋರೂಮಿಗೆ ಬಂದು ಸೇಲ್ಸ್‌ಮನ್ನಿಗೆ ಸರಿಯಾಗಿ ಮಂಗಳಾರತಿ ಎತ್ತಿದೆ. ಮೊದಲ ಸರ್ವಿಸಿಗೆ ಬಂದಾಗ ಭಾಗ್ಯ ಚೂಡಿದಾರದಲ್ಲಿದ್ದಳು. ಅತ್ತೆ ಒಪ್ಪಿದರಾ ಎಂದು ಕೇಳಿದೆ. "ಮೂರು ದಿನ ಮಾತು ಬಿಟ್ಟಿದ್ರು ಸಾರ್" ಎಂದ ಮಂಜುನಾಥ, "ನನ್ನ ಹತ್ರ."

ಅಂದಿನಿಂದ ನಿವೃತ್ತನಾಗುವವರೆಗೂ, ಜೋಡಿಯಾಗಿ ಬಂದವರಲ್ಲಿ ಓಡಿಸುವವನನ್ನೇ ಮೊದಲು ಹಿಂದೆ ಕೂರಿಸುತ್ತಿದ್ದೆ. ಕೆಲವರು ಸಿಟ್ಟಾಗಿ ಬೇರೆ ಷೋರೂಮಿಗೆ ಹೋದರು. ಹೋಗಲಿ ಎಂದು ಬಿಟ್ಟೆ. ಹಿಂದೆ ಕೂತವರ ಕೈಯಲ್ಲಿ ಬ್ರೇಕೂ ಇಲ್ಲ, ಹ್ಯಾಂಡಲ್ಲೂ ಇಲ್ಲ. ಇರುವುದು ಮುಂದಿನವನ ಮೇಲಿನ ನಂಬಿಕೆ ಒಂದೇ. ಬೈಕು ಆರಿಸುವವನು ಎಂಜಿನ್ನಿಗಿಂತ ಮೊದಲು ಅದನ್ನು ತೂಗಿ ನೋಡಬೇಕು ಎಂಬುದನ್ನು ಆ ಕೆಲಸ ನನಗೆ ಕಲಿಸಿತು.