ಲಕ್ಷ್ಮಿಯ ಗದ್ದದ ಹಚ್ಚೆಬೊಟ್ಟು

ಚಿಮಣಿ ಎಣ್ಣೆಯ ವಾಸನೆ ಈಗ ಯಾರ ಮನೆಯಲ್ಲೂ ಇಲ್ಲ. ರಾಯಚೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಮಾತ್ರ ಕುಂಚ ತೊಳೆಯಲೆಂದು ಒಂದು ಬಾಟಲಿ ಇಟ್ಟುಕೊಂಡಿದ್ದೇನೆ. ಮುಚ್ಚಳ ತಿರುವಿದರೆ ಸಾಕು, ಮಾನ್ವಿಯ ಆ ಒಂದೇ ಅಂಕಣದ ಮನೆ ಎದ್ದು ಬಂದು ಕೂತುಬಿಡುತ್ತದೆ. ಅಪ್ಪ ಬೋರ್ಡು ಬರೆಯುವವನು. ದೇವದುರ್ಗ, ಜಾಲಹಳ್ಳಿಯ ತನಕ ಸೈಕಲ್ಲಿಗೆ ಬಣ್ಣದ ಡಬ್ಬಿ ಕಟ್ಟಿಕೊಂಡು ಹೋಗಿ, ಅಂಗಡಿಯ ಹೆಸರೋ ಗುಡಿಯ ದೇವರೋ, ಏನು ಹೇಳಿದರೆ ಅದನ್ನು ಬರೆದು ಬರುತ್ತಿದ್ದ. ಮುಗಿಯದ್ದೆಲ್ಲ ಮನೆಗೆ ಬರುತ್ತಿತ್ತು. ಜೋಳದ ಚೀಲಕ್ಕೆ ಆನಿಸಿಟ್ಟ ತಗಡಿನ ಮೇಲೆ ಕೋಡು ಒಣಗದ ಎತ್ತು, ಮೀಸೆಯ ಒಂದೇ ಬದಿ ಬಂದ ಸಲೂನಿನ ಗಂಡಸು, ಕಣ್ಣಿಲ್ಲದ ಹನುಮಪ್ಪ. ಅವರ ನಡುವೆಯೇ ನಾವು ಗಂಗಾಳ ಇಟ್ಟುಕೊಂಡು ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆವು. ರೊಟ್ಟಿಗೂ ಅದೇ ವಾಸನೆ. ನಿಮ್ಮ ಮನೆಗೂ ಹೀಗೊಂದು ವಾಸನೆ ಇದ್ದಿರಬೇಕು. ಅದು ಯಾವಾಗ ಹೋಯಿತು ಅಂತ ನಿಮಗೂ ಗೊತ್ತಿರಲಿಕ್ಕಿಲ್ಲ.

ದೇವಿಯ ಮುಖ ಬರೆಯುವ ದಿನ ಅಪ್ಪ ಒಲೆಯ ಕಡೆ ತಿರುಗಿ ಕೂರುತ್ತಿದ್ದ. ಒಲೆಯ ಮುಂದೆ ನಮ್ಮ ಅವ್ವ, ಹುಲಿಗೆಮ್ಮ. "ನೋಡಬೇ ಈ ಕಡಿ," ಅನ್ನುವನು. "ರೊಟ್ಟಿ ಹೊತ್ತತಾವ. ನಿಮಗೇನ್ರಿ, ಬಣ್ಣಾನ ತಿಂದು ಮಲಗತೀರಿ," ಎಂದು ಬೈಯುತ್ತಲೇ ಅವ್ವ ತಿರುಗುವಳು. ತಿರುಗುವ ಮೊದಲು ಸೆರಗಿನಿಂದ ಹಣೆಯ ಬೆವರು ಒರೆಸಿಕೊಳ್ಳುವಳು. ಅಬ್ಬಾ, ಆ ಒರೆಸಿಕೊಳ್ಳುವುದರಲ್ಲಿ ಎಷ್ಟು ಬಿಂಕ! ಹೀಗೆ ಲಕ್ಷ್ಮಿಗೂ ಸರಸ್ವತಿಗೂ ಎಲ್ಲಮ್ಮನಿಗೂ ಅವ್ವನ ಮೂಗು, ಅವ್ವನ ಹುಬ್ಬು ಬಂದವು. ನಮ್ಮ ಓಣಿಯವರನ್ನು ಅಂಗಳ ದಾಟಲು ಬಿಡದ ಮನೆಗಳ ದೇವರ ಗೂಡಿನಲ್ಲೂ ಅವ್ವ ಹೂ ಮುಡಿದು ಕೂತಿದ್ದಳು. ಇದನ್ನು ಬಲ್ಲವರು ನಾವು ಮೂವರೇ. ನಮಗದು ದೊಡ್ಡ ತಮಾಷೆಯಾಗಿತ್ತು.

ಅವ್ವ ಭತ್ತ ಒಣಹಾಕಲು ಹೋಗುತ್ತಿದ್ದ ಅಕ್ಕಿ ಗಿರಣಿಯ ಗೋಡೆಗೆ ಒಮ್ಮೆ ಆಳೆತ್ತರದ ಲಕ್ಷ್ಮಿ ಬರೆಯುವ ಕೆಲಸ ಅಪ್ಪನಿಗೇ ಸಿಕ್ಕಿತು. ಶಾಲೆಗೆ ರಜೆ ಇದ್ದುದರಿಂದ ನಾನೂ ಅಲ್ಲೇ ಇದ್ದೆ. ಚಿತ್ರ ಮುಗಿದ ದಿನ ಗಿರಣಿಯ ಸಾವುಕಾರ ಬಂದು ನೋಡಿದ, ತಲೆದೂಗಿದ, ಕೈಯನ್ನೂ ಮುಗಿದ. ಅಷ್ಟರಲ್ಲಿ ಕೆಲಸದ ಹೆಂಗಸರಲ್ಲಿ ಒಬ್ಬಳು ಕಿಸಕ್ಕನೆ ನಕ್ಕು, "ಯವ್ವಾ, ನಮ್ಮ ಹುಲಿಗೆಮ್ಮನ್ನ ನೋಡ್ರಿ, ಕಮಲದಾಗ ಕುಂತಾಳ!" ಅಂದಳು. ಅಪ್ಪನ ಕೈ ರೂಢಿಯ ಬಲದಲ್ಲಿ ಒಂದು ತಪ್ಪು ಮಾಡಿತ್ತು. ಅವ್ವನ ಗದ್ದದ ಹಸಿರು ಹಚ್ಚೆಬೊಟ್ಟನ್ನು ಲಕ್ಷ್ಮಿಯ ಗದ್ದಕ್ಕೂ ಇಟ್ಟುಬಿಟ್ಟಿತ್ತು.

ಸಾವುಕಾರ ಗೋಡೆ ನೋಡಿದ, ಅವ್ವನನ್ನು ನೋಡಿದ. ಅವ್ವ ಸೆರಗು ಎಳೆದು ಗದ್ದ ಮುಚ್ಚಿಕೊಂಡಳು, ಆಗಲೇ ತಡವಾಗಿತ್ತು.

"ಈಕಿಗೆ ನಾ ಕೈ ಮುಗಿಯೂಹಂಗ ಮಾಡಿದೆಲ್ಲಲೇ!"

"ಗೊತ್ತಾಗಲಿಲ್ರಿ ಧಣಿ, ಕೈ ತಪ್ಪಿ ಆಗ್ಯಾದ," ಅಂದ ಅಪ್ಪ. "ಬೊಟ್ಟು ಅಳಸತೀನ್ರಿ."

"ಬೊಟ್ಟಲ್ಲ, ಮಾರಿ ಅಳಸು. ಈಗ ಅಳಸು."

ಬಣ್ಣ ಇನ್ನೂ ಹಸಿ. ಎಣ್ಣೆಯಲ್ಲಿ ಅದ್ದಿದ ಅರಿವೆ ಹಿಡಿದು ಅಪ್ಪ ಏಣಿ ಹತ್ತಿದ. ಕೆಳಗೆ ಹರಡಿದ್ದ ಭತ್ತದ ಮೇಲೆ ಏಣಿ ಜಾರತೊಡಗಿತು. ಯಾರೂ ಮುಂದೆ ಬರಲಿಲ್ಲ. ಅವ್ವನೇ ಹೋಗಿ ಹಿಡಿದಳು. ಮೇಲೆ ಅಪ್ಪ ಅವ್ವನ ಹುಬ್ಬು ಒರೆಸಿದ, ಮೂಗು ಒರೆಸಿದ. ಕರಗಿದ ಬಣ್ಣ ಹನಿಹನಿಯಾಗಿ ಅವಳ ರಟ್ಟೆಯ ಮೇಲೆ ಬೀಳುತ್ತಿತ್ತು. ನಡುವೆ ಅಪ್ಪನ ಕೈ ನಿಂತಾಗ ಅವಳು ತಲೆ ಎತ್ತದೆ, "ಲಗೂನ ಮುಗಸ್ರಿ, ಬಿಸಲಾಗ ನಿಂತೀರಿ," ಅಂದಳು. ಆಗ ನಕ್ಕವಳೂ ಉಳಿದ ಹೆಂಗಸರೂ ಈಗ ನೆಲ ನೋಡುತ್ತಿದ್ದರು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತ್ತು. ನಾಚಿಕೆಪಡಬೇಕಾದವನು ನೆರಳಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅದು ನನಗೆ ಆಗ ತಿಳಿಯಲಿಲ್ಲ. ತಿಳಿದ ಮೇಲೂ ಆ ನಾಚಿಕೆ ನನ್ನನ್ನು ಬಿಟ್ಟು ಅವನ ಹತ್ತಿರ ಹೋಗಲಿಲ್ಲ.

ಆಮೇಲೆ ಅಪ್ಪ ಕ್ಯಾಲೆಂಡರ್ ನೋಡಿ ದೇವರ ಮುಖ ಬರೆಯತೊಡಗಿದ, ಒಲೆಗೆ ಬೆನ್ನು ಹಾಕಿ. ಅವ್ವ ಕೆಲವು ದಿನ ತಾನಾಗಿಯೇ ತಿರುಗಿ ಕೂತು ನೋಡಿದಳು. ಹಣೆ ಒರೆಸಿಕೊಂಡೂ ನೋಡಿದಳು. ಕಡೆಗೊಂದು ಸಂಜೆ ಕೇಳಿಯೇಬಿಟ್ಟಳು.

"ನಾ ಏನರ ತಪ್ಪು ಮಾಡೀನೇನ್ರಿ?"

"ನೀ ಅಲ್ಲಬೇ," ಅಂದ ಅಪ್ಪ, ತಿರುಗದೆ. "ನಿನ್ನ ಮಾರಿ ನೋಡಾಕ ನನಗ ನಾಚಿಕಿ ಆಗತದ."

ಅವ್ವ ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದಳು.

ಇಬ್ಬರೂ ಈಗ ಇಲ್ಲ. ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ, ಮೇಲಿಂದ ಕೆಳಗಿನವರೆಗೆ ಫ್ಲೆಕ್ಸು. ಅಪ್ಪ ಬರೆದ ತಗಡುಗಳು ತುಕ್ಕು ಹಿಡಿದು ಗುಜರಿ ಸೇರಿದವು. ನಾನೂ ಚಿತ್ರ ಬರೆಯುವವಳೇ ಆದೆ. ನನ್ನ ಕೋಣೆಯ ಗೋಡೆಗೆ ಅವ್ವನದೊಂದು ಚಿತ್ರ ವರ್ಷಗಳಿಂದ ಹಾಗೇ ಒರಗಿ ನಿಂತಿದೆ. ಸೀರೆಯ ನೆರಿಗೆ ಆಗಿದೆ, ಹಸಿರು ಬಳೆ ಆಗಿವೆ, ಹಿಟ್ಟು ಮೆತ್ತಿದ ಕೈ ಅಂತೂ ಅವಳದೇ. ಬಂದವರು, "ಮಾರಿ ಯಾವಾಗ ಬರೀತೀರಿ ಅಕ್ಕಾ?" ಅನ್ನುತ್ತಾರೆ. ಬರೀತೀನಿ ಬಿಡ್ರಿ ಅನ್ನುತ್ತೇನೆ. ಅವರಿಗೆ ಯಾವ ಬಾಯಲ್ಲಿ ಹೇಳಲಿ? ಹೆತ್ತವಳ ಮುಖ ನೆನೆದು ಕಣ್ಣು ಮುಚ್ಚಿದರೆ ನನಗೆ ಕಾಣುವುದು ಗೋಡೆಯ ಮೇಲಿನ ಮುಖ, ಅದೂ ಅರ್ಧ ಅಳಿಸಿದ್ದು. ಕೆಳಗೆ ಏಣಿ ಹಿಡಿದವಳು ತಲೆ ಎತ್ತುವುದೇ ಇಲ್ಲ.