ನಿಂತ ಗಾಡಿ ಕುಡಿಯುತ್ತಿದ್ದ ಕರೆಂಟು

ಅತ್ತೆಯ ಕಿಡ್ನಿ ಕೈಕೊಟ್ಟ ಮೇಲೆ ನಾನು ಕಾರು ಓಡಿಸುವುದನ್ನು ಕಲಿತೆ. ಸೋಮವಾರ, ಬುಧವಾರ, ಶುಕ್ರವಾರ ಕೆಜಿಎಫ್‌ನ ಆಸ್ಪತ್ರೆಯಲ್ಲಿ ಅವರಿಗೆ ಡಯಾಲಿಸಿಸ್. ಕಾಮಸಮುದ್ರದ ಆಚೆಗಿರುವ ನಮ್ಮೂರಿನಿಂದ ಬಸ್ಸಿನಲ್ಲಿ ನಿಂತು ಹೋಗಿ ಬರುವ ತ್ರಾಣ ಅವರಿಗೆ ಉಳಿದಿರಲಿಲ್ಲ. ನನ್ನ ಗಂಡ ಬಂಗಾರಪೇಟೆಯಲ್ಲಿ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಕಾರ್ಖಾನೆಗೆ ಹೋಗುವವರು. ಹಾಗಾಗಿ ಹಳೆಯದೊಂದು ಚಿಕ್ಕ ಕಾರು ಕೊಂಡೆವು. ಆಸ್ಪತ್ರೆ ಇಲ್ಲದ ದಿನ ಅದರ ಡಿಕ್ಕಿಯಲ್ಲಿ ಹಸುಗಳ ಹಿಂಡಿ ಮೂಟೆ ತರುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಟಿಕ್ ಅಂದಿತೇ ಹೊರತು ಎಂಜಿನ್ ಏಳಲಿಲ್ಲ. ಡೇರಿಗೆ ಹಾಲು ಹಾಕಲು ಬಂದವರು ತಳ್ಳಿಕೊಟ್ಟರು. ಮುಂದಿನ ಸೋಮವಾರವೂ ಅದೇ ಕಥೆ. ಬ್ಯಾಟರಿ ಮುದಿಯಾಗಿದೆ ಎಂದು ಹೊಸದು ಹಾಕಿಸಿದೆವು. ಭಾನುವಾರ ಕಳೆಯುವಷ್ಟರಲ್ಲಿ ಅದೂ ಸತ್ತಿತು.

ಬಂಗಾರಪೇಟೆಯ ಆಟೊ ಎಲೆಕ್ಟ್ರಿಷಿಯನ್ ಬಳಿಗೆ ಹೋದೆ. ಅವರು ನಿಧಾನದ ಮನುಷ್ಯ. ಕರೆಂಟ್ ಅಳೆಯುವ ಮೀಟರ್ ಹಚ್ಚಿ, ಎಂಜಿನ್ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ ನೋಡಿದರು.

"ಬ್ಯಾಟ್ರಿ ಚೆನ್ನಾಗೈತೆ, ಚಾರ್ಜಿಂಗೂ ಆಗ್ತಾ ಐತೆ. ಗಾಡಿ ನಿಂತಿರೋವಾಗ ಏನೋ ಒಂದು ಕರೆಂಟ್ ಕುಡೀತಾ ಐತಮ್ಮ. ಎರಡು ದಿನ ಬಿಟ್ಟೋಗು, ಹುಡುಕ್ತೀನಿ."

"ಬಿಟ್ಟೋಗಕಾಗಲ್ಲಣ್ಣ. ನಮ್ಮತ್ತೇನ ಆಸ್ಪತ್ರೆಗೆ ಕರ್ಕೊಂಡೋಗ್ಬೇಕು."

"ಅಂಗಾದ್ರೆ ಮನೇಗೋದ್ಮೇಲೆ ಬ್ಯಾಟ್ರಿದು ಮೈನಸ್ ವೈರ್ ಬಿಚ್ಚಿಡು. ಬೆಳಿಗ್ಗೆ ಸೇರಿಸ್ಕೊ."

ಕೆಲವು ವಾರ ಹಾಗೇ ನಡೆಯಿತು. ಸ್ಪ್ಯಾನರ್ ಅಡುಗೆಮನೆಯ ಗೂಡು ಸೇರಿತು. ಆಮೇಲೊಂದು ಸಂಜೆ ಅತ್ತೆಗೆ ಇದ್ದಕ್ಕಿದ್ದಂತೆ ಉಬ್ಬಸ ಬಂತು. ಅವರನ್ನು ಸೀಟಿನಲ್ಲಿ ಕೂರಿಸಿ ಬಾನೆಟ್ ಎತ್ತಿದರೆ, ಬಿಚ್ಚಿ ಬಿಚ್ಚಿ ಸವೆದಿದ್ದ ನಟ್ಟು ಕೈಜಾರಿ ಎಂಜಿನ್ ಸಂದಿಗೆ ಬಿತ್ತು. ಆಗಷ್ಟೇ ಹಿಂಡಿ ತಂದು ನಿಲ್ಲಿಸಿದ್ದರಿಂದ ಎಂಜಿನ್ ಇನ್ನೂ ಬಿಸಿಯಿತ್ತು; ಬೆರಳು ಸುಟ್ಟುಕೊಂಡು ಹುಡುಕಿದೆ. ಸಿಗಲಿಲ್ಲ. ಕೊನೆಗೆ ತಂತಿ ಸುತ್ತಿ ವೈರನ್ನು ಬಿಗಿದೆ. ಆಸ್ಪತ್ರೆ ಮುಟ್ಟುವವರೆಗೂ ಪಕ್ಕದಲ್ಲಿ ಅವರ ಉಸಿರು ಗೊರಗೊರ ಎನ್ನುತ್ತಿತ್ತು. ಆ ದಿನ ಅವರು ಉಳಿದರು. ಆದರೆ ಇನ್ನೊಮ್ಮೆ ಹೀಗಾಗಬಾರದು ಎಂದು ಆಸ್ಪತ್ರೆಯ ಬೆಂಚಿನ ಮೇಲೇ ನಿರ್ಧರಿಸಿದೆ.

ಅತ್ತೆ ಮನೆಗೆ ಬಂದ ಮೇಲೆ ಮತ್ತೆ ಬಂಗಾರಪೇಟೆಗೆ ಹೋದೆ.

"ಹೆಂಗೆ ಹುಡುಕ್ಬೇಕು ಅಂತ ಹೇಳ್ಕೊಡಣ್ಣ. ನಾನೇ ಹುಡುಕ್ತೀನಿ."

ಅವರು ನಕ್ಕರು. ನಾನು ನಗದಿದ್ದುದನ್ನು ನೋಡಿ ಸ್ಟೂಲು ಎಳೆದು ಕೂತರು. ಮೈನಸ್ ವೈರಿಗೂ ಬ್ಯಾಟರಿಗೂ ನಡುವೆ ಮೀಟರ್ ಸೇರಿಸುವುದು, ಗಾಡಿ ತಣ್ಣಗಾಗುವವರೆಗೆ ಕಾಯುವುದು, ಆಮೇಲೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಯಾವುದನ್ನು ಕಿತ್ತಾಗ ಮೀಟರಿನ ಅಂಕಿ ಇಳಿಯುತ್ತದೆ ಎಂದು ನೋಡುವುದು; ಇಳಿದರೆ ಕರೆಂಟು ಸೋರುವುದು ಆ ಫ್ಯೂಸಿನ ದಾರಿಯಲ್ಲೇ. ಎಲ್ಲವನ್ನೂ ಮಾಡಿ ತೋರಿಸಿ, ತಮ್ಮ ಹಳೆಯ ಮೀಟರನ್ನೂ ಕೈಗಿತ್ತರು. "ಇದನ್ನ ಸೇರಿಸಿರೋವಾಗ ಮಾತ್ರ ಕೀ ತಿರುಗಿಸ್ಬೇಡ. ಮೀಟ್ರು ಸುಟ್ಟೋಯ್ತದೆ."

ಮೊದಲ ದಿನವೇ ಅಭ್ಯಾಸಬಲದಿಂದ ಕೀ ತಿರುಗಿಸಿಬಿಟ್ಟೆ. ಮೀಟರಿನೊಳಗಿನ ಫ್ಯೂಸು ಹೋಯಿತು. ಅದನ್ನು ಬದಲಾಯಿಸಿಕೊಂಡು ಭಾನುವಾರ ಮಧ್ಯಾಹ್ನ ಮತ್ತೆ ಕೂತೆ. ಫ್ಯೂಸುಗಳಿದ್ದದ್ದು ಸ್ಟೇರಿಂಗಿನ ಕೆಳಗೆ. ಅಲ್ಲಿ ತಲೆ ತೂರಿಸಿದರೆ ಮೀಟರ್ ಕಾಣುತ್ತಿರಲಿಲ್ಲ. ಗಂಡ ಹಸುಗಳಿಗೆ ಮೇವು ತರಲು ಹೋಗಿದ್ದರು. ಅತ್ತೆ ಪ್ಲಾಸ್ಟಿಕ್ ಕುರ್ಚಿಯನ್ನು ಬಾನೆಟ್ಟಿನ ಮುಂದೆ ಹಾಕಿಸಿಕೊಂಡರು.

"ನಂಬರು ನಾನು ನೋಡ್ತೀನಿ. ನೀನು ಕೀಳು."

ಕಾರಿನೊಳಗಿನ ದೀಪ ಆರಿಸಿ ಶುರುಮಾಡಿದೆ. ಒಂದು ಫ್ಯೂಸ್ ಕಿತ್ತೆ. "ಅಂಗೇ ಐತೆ," ಅಂದರು. ಮತ್ತೊಂದು. "ಅಂಗೇ ಐತೆ." ನನ್ನ ಕುತ್ತಿಗೆ ಹಿಡಿದುಕೊಂಡಿತು. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಇನ್ನೊಂದು ಕಿತ್ತಾಗ ಅತ್ತೆ ಚೀರಿದರು:

"ಬಿತ್ತು! ಬಿತ್ತು ಕಣೇ!"

ಅವರೇ ಕುರ್ಚಿಯಿಂದ ಬಿದ್ದರೆಂದು ತಲೆ ಬಡಿಸಿಕೊಂಡು ಹೊರಗೆ ಬಂದೆ. ಅತ್ತೆ ಗಟ್ಟಿಯಾಗಿ ಕೂತು ಮೀಟರಿನತ್ತ ಬೆರಳು ತೋರಿಸುತ್ತಿದ್ದರು. ಅರ್ಧ ಆಂಪಿಯರಿನ ಹತ್ತಿರ ಇದ್ದ ಅಂಕಿ ಇಲ್ಲವೆನ್ನುವಷ್ಟಕ್ಕೆ ಇಳಿದಿತ್ತು.

ಫ್ಯೂಸ್ ಡಬ್ಬಿಯ ಮುಚ್ಚಳದ ಪಟ್ಟಿಯ ಪ್ರಕಾರ ಆ ಫ್ಯೂಸಿಗೆ ಸೇರಿದ್ದು ರೇಡಿಯೊ, ಒಳದೀಪ, ಡಿಕ್ಕಿಯ ದೀಪ. ಫ್ಯೂಸ್ ವಾಪಸ್ ಹಾಕಿ ರೇಡಿಯೊ ಬಿಚ್ಚಿದೆ. ಅಂಕಿ ಇಳಿಯಲಿಲ್ಲ. ಒಳದೀಪ ಮೊದಲೇ ಆರಿತ್ತು. ಉಳಿದದ್ದು ಡಿಕ್ಕಿ. ಬಾಗಿಲು ತೆರೆದಾಗ ಉರಿಯುವ ದೀಪ ಮುಚ್ಚಿದಾಗ ಆರುತ್ತದೋ ಇಲ್ಲವೋ ಹೊರಗೆ ನಿಂತವರಿಗೆ ಹೇಗೆ ಗೊತ್ತಾಗಬೇಕು? ಫೋನಿನ ಕ್ಯಾಮೆರಾ ಇಟ್ಟು ನೋಡಬಹುದಿತ್ತು. ಆಗ ಇಬ್ಬರಿಗೂ ತೋಚಲಿಲ್ಲ.

"ಕಂಬಳಿ ತಗಂಬಾ," ಅಂದರು ಅತ್ತೆ.

ನಾನು ಬೇಡವೆಂದರೂ ಹಿಂದಿನ ಸೀಟಿಗೆ ಹತ್ತಿ ಕೂತರು. ಸೀಟಿನ ಹಿಂದೆ ಡಿಕ್ಕಿಯನ್ನು ಮುಚ್ಚಿದ್ದ ಹಲಗೆಯನ್ನು ತೆಗೆಸಿ, ಅಲ್ಲಿಗೆ ಬಗ್ಗಿ, ಕಂಬಳಿಯಿಂದ ಬೆಳಕು ಮರೆಮಾಡಿಕೊಂಡರು. ನಾನು ಡಿಕ್ಕಿ ಮುಚ್ಚಿದೆ.

"ಉರೀತಾ ಐತೆ! ಒಳ್ಳೆ ದೇವರ ಮನೆ ದೀಪ ಇದ್ದಂಗೆ ಉರೀತಾ ಐತೆ!"

ಕಾರಣ ಸಣ್ಣದು. ಮುಚ್ಚಿದಾಗ ದೀಪದ ಸ್ವಿಚ್ಚನ್ನು ಒತ್ತಬೇಕಾಗಿದ್ದ ರಬ್ಬರ್ ಗುಂಡಿ ಡಿಕ್ಕಿಯ ಬಾಗಿಲಿನಲ್ಲಿ ಇರಲೇ ಇಲ್ಲ. ಮೂಟೆ ಎಳೆಯುವಾಗ ಕಿತ್ತು ಬಿದ್ದಿರಬೇಕು. ಹಳೆಯ ಹವಾಯಿ ಚಪ್ಪಲಿಯಿಂದ ಒಂದು ತುಂಡು ಕೊಯ್ದು ಅಂಟಿಸಿದೆ. ಮೊದಲ ತುಂಡು ದಪ್ಪವಾಗಿ ಬಾಗಿಲು ಕೂರಲಿಲ್ಲ. ಎರಡನೆಯದು ಸರಿಹೋಯಿತು. ಡಿಕ್ಕಿ ಮುಚ್ಚಿ ಮೀಟರ್ ನೋಡಿದೆವು. ಅಂಕಿ ಇಳಿದು ಅಲ್ಲೇ ನಿಂತಿತ್ತು.

ಮೇವಿನ ಹೊರೆ ಹೊತ್ತು ಬಂದ ಗಂಡ, ಕಂಬಳಿ ಹೊದ್ದು ಕಾರಿನಲ್ಲಿ ಕೂತ ತಾಯಿಯನ್ನು ಕಂಡು ಗಾಬರಿಯಾದರು. "ಏನಾಯ್ತಮ್ಮ?"

"ಏನಿಲ್ಲ ಕಣ್ಲಾ. ಗಾಡಿ ರಿಪೇರಿ ಮಾಡ್ತಿದ್ವಿ."

ಬ್ಯಾಟರಿಯನ್ನು ಚೆನ್ನಾಗಿ ಚಾರ್ಜ್ ಮಾಡಿಸಿ, ಹೊಸ ನಟ್ಟು ಹಾಕಿಸಿ ವೈರನ್ನು ಗಟ್ಟಿಯಾಗಿ ಬಿಗಿದೆ. ಆಮೇಲೆ ಅದನ್ನು ಬಿಚ್ಚಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಕೀ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ಅತ್ತೆ ಸೆರಗು ಸರಿಮಾಡಿಕೊಂಡು ರಸ್ತೆ ನೋಡಿದರು. ಆಸ್ಪತ್ರೆಯಲ್ಲಿ ಮಾತ್ರ ಸೂಜಿ ಚುಚ್ಚಲು ಬಂದ ನರ್ಸಿನ ಕೈ ಹಿಡಿದು ನಿಲ್ಲಿಸಿ, ಡಿಕ್ಕಿಯ ದೀಪ ಕಂಡುಹಿಡಿದದ್ದು ಹೇಗೆಂದು ಮೊದಲಿನಿಂದ ಹೇಳತೊಡಗಿದರು.