ಮಂಚದಿಂದ ಹೊಸ್ತಿಲವರೆಗೆ ಚಿಕ್ಕಿಗಳ ಅಲೆ

ಎಪ್ಪತ್ತರ ದಶಕದ ಕೊನೆಗೆ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಸಂಜೆ ಕಂಪ್ಯೂಟರ್ ಕ್ಲಾಸು ಶುರುವಾಯಿತು. ಕಂಪ್ಯೂಟರೊಂದು ಬಿಟ್ಟು ಅಲ್ಲಿ ಎಲ್ಲವೂ ಇತ್ತು. ನಾವು ಕಾಗದದ ಮೇಲೆ ಪ್ರೋಗ್ರಾಂ ಬರೆಯಬೇಕು, ಸರ್ ಅದನ್ನು ಪುಣೆಗೆ ಕಳಿಸಬೇಕು, ಅಲ್ಲಿಯ ಯಂತ್ರ ನಮ್ಮ ತಪ್ಪುಗಳನ್ನು ಅಚ್ಚು ಹಾಕಿ ಮುಂದಿನ ವಾರ ವಾಪಸು ಕಳಿಸಬೇಕು. ನನಗಂತೂ ಅದರ ಹುಚ್ಚೇ ಹಿಡಿದಿತ್ತು. ಆದರೆ ಅಪ್ಪ ಮೊದಲೇ ಹೇಳಿದ್ದರು, ಕ್ಲಾಸು ಮದುವೆ ಗೊತ್ತಾಗುವತನಕ ಮಾತ್ರ.

ಒಮ್ಮೆ ಸರ್ ಚಿಕ್ಕಿಗಳಿಂದ, ಅಂದರೆ ನಕ್ಷತ್ರದ ಗುರುತುಗಳಿಂದ, ಒಂದು ಅಲೆ ಬಿಡಿಸುವ ಲೆಕ್ಕ ಕೊಟ್ಟರು. ವೇರಿಯಬಲ್ ಅಂದರೆ ಒಂದು ಡಬ್ಬಿ, ಪ್ರತಿ ಸುತ್ತಿಗೂ ಅದರೊಳಗಿನ ಅಂಕಿ ಬದಲಾಗುತ್ತದೆ. ಲೂಪ್ ಅಂದರೆ ನಿಲ್ಲು ಅನ್ನುವವರೆಗೆ ಅದೇ ಕೆಲಸ. ನಾನು ನಿಲ್ಲು ಅನ್ನುವುದನ್ನೇ ಬರೆಯಲಿಲ್ಲ. ಅಲೆಯ ಮೇಲೆ ಅಲೆ, ಪುಣೆಯಿಂದ ಒಂದು ಗಂಟು ಕಾಗದ ಬಂತು. ಸರ್ ಮುಖ ಕಿವುಚಿದರು. ಅವ್ವನಿಗೆ ಅದರಲ್ಲಿ ಸೀರೆಯ ಅಂಚು ಕಂಡಿತು.

ಅದೇ ವಾರ ಅಕ್ಕಲಕೋಟದವರು ಕನ್ಯಾ ನೋಡಲು ಬಂದರು. ಹುಡುಗಿಯ ಕೈಕೆಲಸವನ್ನು ಮಂಚದ ಮೇಲೆ ಹರವಿ ತೋರಿಸುವುದು ನಮ್ಮ ಪದ್ಧತಿ. ನನ್ನ ಹೆಸರಿನಲ್ಲಿ ತೋರಿಸುತ್ತಿದ್ದ ಮಣಿಯ ಗಿಳಿ ಅಸಲಿಗೆ ಮೌಶಿ, ಅಂದರೆ ಅವ್ವನ ತಂಗಿ, ಮಾಡಿದ್ದು. ಈ ಸಲ ಅವ್ವ ನನ್ನ ಅಲೆಗಳನ್ನೂ ಬಿಚ್ಚಿ ಹಾಸಿದಳು. ಮಂಚ ಮುಗಿದರೂ ಕಾಗದ ಮುಗಿಯದೆ ಹೊಸ್ತಿಲವರೆಗೆ ಹೋಯಿತು.

ಹುಡುಗನ ತಾಯಿ ಬಗ್ಗಿ ನೋಡಿದರು. "ಭಾಳ ನಾಜೂಕ ಅದ. ನೀನೇ ಮಾಡೀಯೇನವಾ?"

"ಬರದಾಕಿ ನಾನರಿ. ತಗದದ್ದು ಪುಣೆದಾಗಿನ ಮಶೀನು."

"ಅಂದ್ರ ಕೈಲೆ ಮಾಡಿದ್ದಲ್ಲ," ಎಂದು ಅವರು ಗಿಳಿಯ ಕಡೆ ತಿರುಗಿ, ನನ್ನನ್ನು ಬಾಯಿ ತುಂಬ ಹೊಗಳಿದರು. ನಾನು ಮಾಡಿದ್ದು ನನ್ನದಲ್ಲ, ಮೌಶಿ ಮಾಡಿದ್ದು ನನ್ನದು.

ಚಹಾ ಕೊಡುವಾಗ ಹೊಳೆಯಿತು. ಹಿಂದೆ ಬಂದವರಿಗೂ ಇದೇ ಪೋಹೆ, ಇದೇ ಗಿಳಿ, ಇದೇ ಪ್ರಶ್ನೆ. ಡಬ್ಬಿಯೊಳಗಿನ ಹುಡುಗ ಮಾತ್ರ ಬೇರೆ. ಇಲ್ಲೂ ನಿಲ್ಲು ಅಂತ ಯಾರೂ ಬರೆದಿರಲಿಲ್ಲ.

ಹುಡುಗನ ತಂದೆ ತಾಟು ಕೆಳಗಿಟ್ಟು ಅಪ್ಪನಿಗೆ ಹೇಳಿದರು: "ಹುಡುಗಿ ಪಸಂತ ಅದಾಳ. ಆ ಕ್ಲಾಸ್ ಗೀಸ್ ಮದವಿ ಆದಮ್ಯಾಲ ಬಿಡ್ತಾಳಲ್ಲ?"

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಅಂದೆ, "ಇಲ್ರಿ. ಬಿಡಂಗಿಲ್ಲ."

ಅವರೆಲ್ಲ ಎದ್ದರು. ಕಾಗದವೆಂದರೆ ಸರಸ್ವತಿ, ಕಾಲು ತಾಗಬಾರದು. ಹಾಗಾಗಿ ನನ್ನ ಅಲೆಗಳನ್ನು ತುಳಿಯದಂತೆ, ಒಬ್ಬೊಬ್ಬರಾಗಿ ಗೋಡೆ ಹಿಡಿದುಕೊಂಡು ಬಹಳ ಭಕ್ತಿಯಿಂದ ಹೊರಗೆ ಹೋದರು.

ಅಪ್ಪ ಅವರನ್ನು ಕಳಿಸಿ ಬಂದು ನೆಲದ ಮೇಲೆ ಕೂತರು. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಅವರು ಕಾಗದವನ್ನು ಮಡಿಕೆ ತಪ್ಪದಂತೆ ಮಡಿಸುತ್ತ ಕೇಳಿದರು, "ನಾಳೆ ಕ್ಲಾಸಿಗೆ ಎಷ್ಟ ಗಂಟೆಕ್ಕ ಹೋಗಬೇಕು?"